ಗಣಕದ ಗೆರೆಯಿಂದ ಮರದ ಕೆತ್ತನೆಗೆ
(ಆರಂಭಿಕರಿಗೆ ಒಂದು ಪಾಠ)

ಕುಂಬಳೆಯ ಸಮೀಪದ ಅನಂತಪುರ ಕ್ಷೇತ್ರವನ್ನು ನೋಡದವರು ನಮ್ಮ ಓದುಗರಲ್ಲಿ ವಿರಳ. ಕೆರೆಯ ನಡುವಣ ಆ ದೇವಾಲಯಕ್ಕೆ ಹೋದ ಮಕ್ಕಳು ಬಹುಮಟ್ಟಿಗೆ ನೀರನ್ನೇ ದಿಟ್ಟಿಸುತ್ತಾರೆ. ಮಂಟಪದಲ್ಲಿ ನಿಂತು ತಲೆಯೆತ್ತಿ ನೋಡುವವರು ಕಡಿಮೆ. ಹಾಗೆ ನೋಡಿದವರಿಗೆ ಮರದ ಮುಚ್ಚಿಗೆಯಲ್ಲಿ ದಶಾವತಾರದ ಪ್ರಸಂಗಗಳನ್ನು ಕೆತ್ತಿರುವುದು ಕಾಣುತ್ತದೆ. ಅದನ್ನು ಕೆತ್ತಿದ ಶಿಲ್ಪಿಯ ಕೈಯಲ್ಲಿ ಉಳಿ, ಕೊಡತಿಗಳಿದ್ದುವು, ಮನಸ್ಸಿನಲ್ಲಿ ಚಿತ್ರವಿದ್ದಿತು. ಅದೇ ಅನಂತಪುರದ ಕೈಗಾರಿಕಾ ಪ್ರದೇಶದಲ್ಲಿ ಇಂದು ಪ್ಲೈವುಡ್ ಹಲಗೆಗಳ ಕಾರ್ಖಾನೆಗಳಿವೆ. ಒಂದೇ ಊರಿನಲ್ಲಿ ಮರವು ಕೈಯ ಕಲೆಗೂ ಯಂತ್ರದ ಉದ್ಯಮಕ್ಕೂ ಒಳಗಾಗಿರುವುದನ್ನು ಹೀಗೆ ಕಾಣುತ್ತೇವೆ. ಇವೆರಡನ್ನೂ ಕೂಡಿಸುವ ಒಂದು ವಿದ್ಯೆಯನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ಪರಿಚಯ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

೧. ಯಂತ್ರದ ಪೂರ್ವಕಥೆ

ಸಿ.ಎನ್.ಸಿ. ಎಂಬ ಮೂರಕ್ಷರದ ಯಂತ್ರವೆಂದರೆ, ಗಣಕವು ಕೊಡುವ ಅಂಕಿಗಳ ಆಜ್ಞೆಯಂತೆ ತನ್ನ ಉಪಕರಣವನ್ನು ನಡೆಸುವ ಯಂತ್ರ. ಅಂಕಿಗಳಿಂದ ಯಂತ್ರವನ್ನು ಆಳುವ ಈ ಕ್ರಮವನ್ನು ಅಮೆರಿಕದ ಜಾನ್ ಪಾರ್ಸನ್ಸ್ ಎಂಬವರು ವಿಮಾನಗಳ ಬಾಗಿದ ಭಾಗಗಳನ್ನು ಕರಾರುವಾಕ್ಕಾಗಿ ಕತ್ತರಿಸುವುದಕ್ಕೋಸ್ಕರ ಯೋಚಿಸಿದರು. ೧೯೫೨ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಅಂತಹ ಮೊದಲ ಯಂತ್ರದ ಪ್ರದರ್ಶನ ನಡೆಯಿತು. ಆಗ ಆಜ್ಞೆಗಳನ್ನು ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಕೊರೆಯುತ್ತಿದ್ದರು. ನಮ್ಮ ದೇಶದಲ್ಲಿ ಯಂತ್ರಗಳನ್ನು ಮಾಡುವ ಯಂತ್ರಗಳ ಉದ್ಯಮವು ಬೇರೂರಿದ್ದು ಬೆಂಗಳೂರಿನಲ್ಲಿ. ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ೧೯೫೩ರಲ್ಲಿ ಅಲ್ಲಿ ಸ್ಥಾಪಿತವಾಯಿತು. ಈ ಶಾಸ್ತ್ರದ ಸಂಶೋಧನೆಗಾಗಿ ೧೯೬೨ರಲ್ಲಿ ಒಂದು ಕೇಂದ್ರೀಯ ಸಂಸ್ಥೆಯೂ ಅಲ್ಲಿಯೇ ಹುಟ್ಟಿತು.

ಅಂದು ಕೋಣೆಯನ್ನೇ ತುಂಬುತ್ತಿದ್ದ ಯಂತ್ರವು ಇಂದು ಮೇಜಿನ ಮೇಲೆ ಕುಳಿತಿದೆ. ೨೦೦೫ರಲ್ಲಿ ಇಟಲಿಯಲ್ಲಿ ಆರ್ಡುಯಿನೋ ಎಂಬ ಅಗ್ಗದ ಪುಟ್ಟ ನಿಯಂತ್ರಕ ಫಲಕವು ರೂಪುಗೊಂಡಿತು. ೨೦೦೯ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕಾಗ್ಸ್‌ರೂಡ್ ಎಂಬವರು ಆ ಫಲಕದಿಂದಲೇ ಯಂತ್ರವನ್ನು ನಡೆಸಬಲ್ಲ ಜಿ.ಆರ್.ಬಿ.ಎಲ್. ಎಂಬ ತಂತ್ರಾಂಶವನ್ನು ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಹವ್ಯಾಸಿಗಳ ಕೈಗೆ ಈ ಯಂತ್ರವು ಎಟಕುವಂತಾದುದಕ್ಕೆ ಇದು ಮುಖ್ಯ ಕಾರಣ.

೨. ಯಂತ್ರದ ಸ್ವರೂಪ

ಹವ್ಯಾಸಿಗಳ ಚಿಕ್ಕ ಯಂತ್ರಗಳಲ್ಲಿ ಬಹಳ ಪ್ರಚಾರದಲ್ಲಿರುವ ಒಂದು ಜಾತಿಯನ್ನು ‘೩೦೧೮’ ಎಂದು ಕರೆಯುತ್ತಾರೆ. ಸುಮಾರು ೩೦ ಸೆಂಟಿಮೀಟರ್ ಉದ್ದ, ೧೮ ಸೆಂಟಿಮೀಟರ್ ಅಗಲದ ಕಾರ್ಯಕ್ಷೇತ್ರವುಳ್ಳದ್ದೆಂಬುದೇ ಆ ಹೆಸರಿನ ಅರ್ಥ. ಇದರಲ್ಲಿ ಮೂರು ದಿಕ್ಕಿನ ಚಲನೆಗಳುಂಟು: ಎಡ–ಬಲದ್ದು ಎಕ್ಸ್, ಹಿಂದು–ಮುಂದಿನದು ವೈ, ಮೇಲು–ಕೆಳಗಿನದು ಝಡ್. ಗಣಿತದ ತರಗತಿಯಲ್ಲಿ ನಕ್ಷಾಕಾಗದದ ಮೇಲೆ ಬಿಂದುಗಳನ್ನು ಗುರುತಿಸಿದ ವಿದ್ಯಾರ್ಥಿಗೆ ಇದರಲ್ಲಿ ಹೊಸದೇನೂ ಇಲ್ಲ.

ಒಂದೊಂದು ದಿಕ್ಕಿಗೂ ಒಂದೊಂದು ಮೆಟ್ಟಿಲು-ಮೋಟಾರು ಇರುವುದು. ಇದು ಸಾಮಾನ್ಯ ಮೋಟಾರಿನಂತೆ ಒಂದೇ ಸಮನೆ ತಿರುಗದೆ, ಒಂದು ಸುತ್ತಿಗೆ ೨೦೦ ಮೆಟ್ಟಿಲುಗಳಂತೆ ಎಣಿಸಿ ಎಣಿಸಿ ತಿರುಗುತ್ತದೆ. ಅದಕ್ಕೆ ಜೋಡಿಸಿದ ತಿರುಪಿನ ಸರಳು ಒಂದು ಸುತ್ತಿಗೆ ೪ ಮಿಲಿಮೀಟರ್ ಮುಂದೆ ಸಾಗಿಸುವುದಾದರೆ, ಒಂದು ಮೆಟ್ಟಿಲಿಗೆ ಸಾಗುವ ದೂರ ೪ನ್ನು ೨೦೦ರಿಂದ ಭಾಗಿಸಿದಷ್ಟು, ಎಂದರೆ ೦.೦೨ ಮಿ.ಮೀ. ನಿಖರತೆಯ ಗುಟ್ಟು ಈ ಭಾಗಾಕಾರದಲ್ಲಿದೆ. ಮರವನ್ನು ಕಡಿಯುವುದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಒಂದು ಸಣ್ಣ ಬಿಟ್ಟು. ನಾವು ಅದನ್ನು ತಿರುಗುವ ಉಳಿಯೆಂದು ಕರೆಯೋಣ.

ಯಂತ್ರವು ಸಿದ್ಧವಾಯಿತು, ಆದರೆ ಅದಕ್ಕೆ ಬುದ್ಧಿಯಿಲ್ಲ. ಅದಕ್ಕೆ ಬೇಕಾದ ಬುದ್ಧಿಯನ್ನು ನಾವು ಎರಡು ವಿದ್ಯೆಗಳ ಮೂಲಕ ಒದಗಿಸಬೇಕಾಗುತ್ತದೆ. ‘ಏನನ್ನು ಕೆತ್ತಬೇಕು’ ಎಂಬುದು ಮೊದಲನೆಯದು, ಇದು ವಿನ್ಯಾಸ. ‘ಯಾವ ದಾರಿಯಲ್ಲಿ ಕೆತ್ತಬೇಕು’ ಎಂಬುದು ಎರಡನೆಯದು. ಇದು ಉಳಿಯ ಹಾದಿ. ಕಲಿಯಲು ತೊಡಗಿದವರು ಇವೆರಡನ್ನು ಒಂದೇ ಎಂದು ಭ್ರಮಿಸಿ ಕಂಗೆಡುವುದುಂಟು. ನಮ್ಮ ಆಚಾರಿಯು ಇವನ್ನು ಎಂದೂ ಬೆರೆಸಿದವನಲ್ಲ. ಮೊದಲು ಹಲಗೆಯ ಮೇಲೆ ಗೆರೆ ಎಳೆಯುತ್ತಾನೆ. ಅನಂತರ ಯಾವ ಉಳಿ ಮೊದಲು, ಯಾವುದು ಆಮೇಲೆ, ಎಲ್ಲಿ ಆಳ, ಎಲ್ಲಿ ಮೇಲುಮೇಲಕ್ಕೆ ಎಂದು ನಿಶ್ಚಯಿಸುತ್ತಾನೆ.

೩. ಮೊದಲನೆಯ ವಿದ್ಯೆ: ವಿನ್ಯಾಸ

ಈ ವಿದ್ಯೆಯ ಅರ್ಧವು ನಮ್ಮ ಮಕ್ಕಳಿಗೆ ಆಗಲೇ ಗೊತ್ತು. ೨೦೦೧ರಲ್ಲಿ ಆರಂಭವಾದ ಕೇರಳದ ‘ಐ.ಟಿ. ಅಟ್ ಸ್ಕೂಲ್’ ಯೋಜನೆಯು ಈಗ ‘ಕೈಟ್’ ಎಂಬ ಸಂಸ್ಥೆಯಾಗಿ ಸ್ವತಂತ್ರ ತಂತ್ರಾಂಶಗಳನ್ನೇ ಶಾಲೆಗಳಿಗೆ ಒದಗಿಸಿದೆ. ೨೦೧೮ರಿಂದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳೂ ನಡೆಯುತ್ತಿವೆ. ಕನ್ನಡ ಮಾಧ್ಯಮದ ಮಕ್ಕಳೂ ಐ.ಸಿ.ಟಿ. ಪಾಠದಲ್ಲಿ ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶವನ್ನು ಕಲಿಯುತ್ತಾರೆ. ಭಿತ್ತಿಪತ್ರವನ್ನು ರಚಿಸಿ ಅಂಕ ಗಳಿಸಿದೊಡನೆ ಅದನ್ನು ಮರೆತುಬಿಡುವವರೇ ಹೆಚ್ಚು. ಆದರೆ ಅದೇ ತಂತ್ರಾಂಶದ ಗೆರೆಯು ಮರವನ್ನು ಕೆತ್ತಬಲ್ಲದು.

ಕ್ಯಾಮರಾದ ಚಿತ್ರವು ಚುಕ್ಕೆಗಳ ರಾಶಿ. ಅದನ್ನು ಹಿಗ್ಗಿಸಿದರೆ ಅಂಚು ಒಡೆಯುತ್ತದೆ. ಇಂಕ್‌ಸ್ಕೇಪಿನ ಚಿತ್ರವಾದರೋ ಗಣಿತದ ವಕ್ರರೇಖೆ. ಎರಡು ಕೊನೆಗಳು, ಅವನ್ನು ಎಳೆದು ಬಾಗಿಸುವ ಎರಡು ಹಿಡಿಗಳು, ಹೀಗೆ ನಾಲ್ಕು ಬಿಂದುಗಳಿಂದ ಒಂದು ವಕ್ರವು ನಿರ್ಣಯವಾಗುತ್ತದೆ. ಇದಕ್ಕೆ ಬೆಝಿಯೆ ವಕ್ರವೆಂದು ಹೆಸರು. ಫ್ರಾನ್ಸಿನ ರೆನೋ ಮೋಟಾರು ಕಾರ್ಖಾನೆಯ ಪಿಯೆರ್ ಬೆಝಿಯೆ ಎಂಬ ಎಂಜಿನಿಯರರು ೧೯೬೦ರ ದಶಕದಲ್ಲಿ ಇದನ್ನು ಬಳಕೆಗೆ ತಂದುದು ಕಾರಿನ ಮೈಯ ಬಾಗುಗಳನ್ನು ಅಂಕಿಗಳಿಂದ ನಡೆಯುವ ಯಂತ್ರಕ್ಕೆ ತಿಳಿಸುವುದಕ್ಕಾಗಿ. ಆದುದರಿಂದ ಈ ಗೆರೆಯು ಕಾಗದಕ್ಕಿಂತ ಮೊದಲು ಉಳಿಗಾಗಿಯೇ ಹುಟ್ಟಿದುದೆಂದರೆ ತಪ್ಪಾಗದು.

ಇನ್ನು ಒಂದು ಉದಾಹರಣೆಯನ್ನು ಹಿಡಿದು ನಡೆಯೋಣ. ೨೪೦ ಮಿ.ಮೀ. ಉದ್ದ, ೮೦ ಮಿ.ಮೀ. ಅಗಲದ ಹಲಸಿನ ಹಲಗೆಯಲ್ಲಿ ‘ಅನಂತಪುರ’ ಎಂಬ ಹೆಸರು ಉಬ್ಬಿ ಕಾಣುವಂತೆ ಮಾಡಬೇಕಾಗಿದೆ. ಮೊದಲು ಅಳತೆಯ ಮಾನವನ್ನು ಮಿಲಿಮೀಟರಿಗೆ ಬದಲಾಯಿಸಿಕೊಂಡು, ಅಕ್ಷರಗಳನ್ನು ಟೈಪು ಮಾಡಿ, ಅವನ್ನು ‘ಪಥ’ವಾಗಿ ಪರಿವರ್ತಿಸಬೇಕು. ಅಕ್ಷರವು ಅಕ್ಷರವಾಗಿಯೇ ಉಳಿದರೆ ಮುಂದಿನ ತಂತ್ರಾಂಶಕ್ಕೆ ಅದು ಬಹುಶಃ ತಿಳಿಯದು. ಗೆರೆಯಾದರೆ ಮಾತ್ರ ತಿಳಿಯುತ್ತದೆ.

ಇಲ್ಲಿ ಕನ್ನಡ ಲಿಪಿಯ ಒಂದು ಗುಣವನ್ನು ಗಮನಿಸಬೇಕು. ಹಿಂದೆ ಓಲೆಗರಿಯ ಮೇಲೆ ಕಂಟದಿಂದ ಬರೆಯುವಾಗ ನೇರವಾದ ಅಡ್ಡಗೆರೆಗಳಿಂದ ಗರಿಯು ಸೀಳುವ ಭಯವಿದ್ದುದರಿಂದ ನಮ್ಮ ಅಕ್ಷರಗಳು ದುಂಡಗಾದುವೆಂದು ತಿಳಿದವರು ಹೇಳುತ್ತಾರೆ. ತಿರುಗುವ ಉಳಿಯೂ ದುಂಡಗಿನದೇ. ಒಳಮೂಲೆಯನ್ನು ಅದು ಚೂಪಾಗಿ ಕೆತ್ತಲಾರದು, ತನ್ನ ತ್ರಿಜ್ಯದಷ್ಟು ದುಂಡನ್ನು ಅಲ್ಲಿ ಉಳಿಸಿಯೇ ತೀರುತ್ತದೆ. ಹೀಗಾಗಿ ಕನ್ನಡದ ದುಂಡಕ್ಷರಕ್ಕೂ ಈ ಉಪಕರಣಕ್ಕೂ ಸಹಜವಾದ ಸ್ನೇಹವಿದೆ. ಆದರೆ ತಲೆಕಟ್ಟು ಸೇರುವ ಸಂದಿಗಳು ಇಕ್ಕಟ್ಟಾಗಿರುತ್ತವೆ. ಅವನ್ನು ಅಕ್ಷರ ಬರೆಯುವಾಗಲೇ ಸ್ವಲ್ಪ ಅಗಲಿಸಿಕೊಳ್ಳುವುದು ಜಾಣತನ.

೪. ಎರಡನೆಯ ವಿದ್ಯೆ: ಉಳಿಯ ಹಾದಿ

ವಿನ್ಯಾಸವು ಮುಗಿದ ಮೇಲೆ ಅದನ್ನು ಹಾದಿಯಾಗಿ ಮಾಡುವ ತಂತ್ರಾಂಶಕ್ಕೆ ಕೊಡಬೇಕು. ಉಚಿತವಾಗಿ ದೊರೆಯುವವುಗಳಲ್ಲಿ ೨೦೦೨ರಲ್ಲಿ ಆರಂಭವಾದ ಫ್ರೀಕ್ಯಾಡ್ ಮುಖ್ಯವಾದುದು. ಅದರ ೧.೦ ಆವೃತ್ತಿಯು ೨೦೨೪ರ ನವೆಂಬರದಲ್ಲಿ ಹೊರಬಂದಿತು. ಅದರಲ್ಲಿ ವಿನ್ಯಾಸಕ್ಕೂ ಹಾದಿಗೂ ಬೇರೆ ಬೇರೆ ಕಾರ್ಯಶಾಲೆಗಳಿವೆ. ಹಾದಿಯ ಕಾರ್ಯಶಾಲೆಗೆ ಈಗ ‘ಕ್ಯಾಮ್’ ಎಂದು ಹೆಸರು.

ಹಾದಿಗಳಲ್ಲಿ ಎರಡು ಬಗೆಗಳನ್ನು ಮೊದಲು ಕಲಿಯತಕ್ಕದ್ದು. ಒಂದು, ಅಂಚಿನ ಹಾದಿ. ೬೦ ಮಿ.ಮೀ. ವ್ಯಾಸದ ಬಿಲ್ಲೆಯನ್ನು ಕತ್ತರಿಸಿ ತೆಗೆಯಬೇಕಾಗಿದೆ. ಉಳಿಯ ವ್ಯಾಸ ೩ ಮಿ.ಮೀ. ಉಳಿಯ ನಡುಬಿಂದು ಗೆರೆಯ ಮೇಲೆಯೇ ನಡೆದರೆ ಅದರ ಅರ್ಧಭಾಗವು ಬಿಲ್ಲೆಯನ್ನು ತಿಂದುಹಾಕುತ್ತದೆ. ಆದುದರಿಂದ ನಡುಬಿಂದುವು ಉಳಿಯ ತ್ರಿಜ್ಯವಾದ ೧.೫ ಮಿ.ಮೀ.ನಷ್ಟು ಹೊರಗೆ, ೩೧.೫ ಮಿ.ಮೀ. ತ್ರಿಜ್ಯದ ವೃತ್ತದಲ್ಲಿ ನಡೆಯಬೇಕು. ಅದೇ ಅಳತೆಯ ತೂತನ್ನು ಕೊರೆಯುವುದಾದರೆ ಒಳಗೆ, ೨೮.೫ ಮಿ.ಮೀ. ತ್ರಿಜ್ಯದಲ್ಲಿ ನಡೆಯಬೇಕು. ಹೊರಗೋ ಒಳಗೋ ಎಂಬುದನ್ನು ತಂತ್ರಾಂಶವು ನಮ್ಮನ್ನು ಕೇಳುತ್ತದೆ. ಉತ್ತರ ತಪ್ಪಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಎರಡನೆಯದು, ತಗ್ಗಿನ ಹಾದಿ. ಅಕ್ಷರವು ಉಬ್ಬಿ ಕಾಣಬೇಕಾದರೆ ಅದರ ಸುತ್ತಲಿನ ನೆಲವನ್ನೆಲ್ಲಾ ತಗ್ಗಿಸಬೇಕಷ್ಟೆ. ಗದ್ದೆಯನ್ನು ಉಳುವ ರೈತನನ್ನು ನೆನೆಯಿರಿ. ಆತನು ಈ ಬದುವಿನಿಂದ ಆ ಬದುವಿಗೆ ಹೋಗಿ, ತಿರುಗಿ, ಪಕ್ಕದ ಸಾಲಿನಲ್ಲಿ ಬರಬಹುದು. ಇಲ್ಲವೆ ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬಹುದು. ತಂತ್ರಾಂಶದಲ್ಲಿಯೂ ಈ ಎರಡೇ ಕ್ರಮಗಳು ಮುಖ್ಯ. ಸಾಲು ಸಾಲಿಗೆ ನಡುವೆ ಉಳದ ನೆಲ ಉಳಿಯದಂತೆ ರೈತನು ನೋಡಿಕೊಳ್ಳುವ ಹಾಗೆ, ಉಳಿಯೂ ಪ್ರತಿ ಸಾಲಿಗೆ ತನ್ನ ವ್ಯಾಸಕ್ಕಿಂತ ಕಡಿಮೆ ಸರಿಯಬೇಕು. ಸಾಮಾನ್ಯವಾಗಿ ವ್ಯಾಸದ ನೂರಕ್ಕೆ ೪೦ರಷ್ಟು. ಆಳವನ್ನೂ ಒಮ್ಮೆಗೇ ತೆಗೆಯಬಾರದು. ಪದರ ಪದರವಾಗಿ ಇಳಿಯಬೇಕು.

ಈಗ ನಮ್ಮ ‘ಅನಂತಪುರ’ಕ್ಕೆ ಬರೋಣ. ಅದರ ಅನುಸ್ವಾರವು ಒಂದು ಪುಟ್ಟ ಬಳೆ. ಆ ಬಳೆಯೊಳಗಿನ ತೂತಿನ ವ್ಯಾಸ ೫ ಮಿ.ಮೀ. ಇದ್ದರೆ ೩ ಮಿ.ಮೀ. ಉಳಿಯು ಒಳಗೆ ಇಳಿದು ತಿರುಗಬಲ್ಲದು. ಹಲಗೆಯನ್ನು ಅರ್ಧಕ್ಕೆ ಇಳಿಸಿದಿರೆನ್ನಿ; ತೂತು ೨.೫ ಮಿ.ಮೀ. ಆಗುತ್ತದೆ, ಉಳಿಯು ಇಳಿಯಲಾರದು. ಆಗ ತಂತ್ರಾಂಶವು ಎಷ್ಟೋ ವೇಳೆ ಏನೂ ಹೇಳದೆ ಆ ಜಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ಬಳೆಯು ಬರಿಯ ಬೊಟ್ಟಾಗಿ ನಿಲ್ಲುತ್ತದೆ. ಯಂತ್ರದ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು. ತಂತ್ರಾಂಶದೊಳಗೆ ಕೆತ್ತನೆಯ ಅಣಕು ಪ್ರದರ್ಶನವನ್ನು ನೋಡುವ ಸೌಕರ್ಯವಿದೆ. ಅದನ್ನು ನೋಡದೆ ಯಾರೂ ಮರಕ್ಕೆ ಕೈಹಾಕಬಾರದು.

ಅಕ್ಷರಗಳನ್ನು ಹಲಗೆಯ ಆಚೆ ಬದಿಯವರೆಗೂ ಕೊರೆದು ಅಚ್ಚುಗಳನ್ನು ಮಾಡುವುದಾದರೆ ತೊಂದರೆ ಬೇರೆ. ಅನುಸ್ವಾರದ ನಡುವಿನ ಬಿಲ್ಲೆಯೂ ‘ರ’ಕಾರದ ಹೊಟ್ಟೆಯೂ ಕಳಚಿ ಬೀಳುತ್ತವೆ. ಅವನ್ನು ಹಿಡಿದಿಡಲು ಕಿರಿದಾದ ಸೇತುವೆಗಳನ್ನು ವಿನ್ಯಾಸದಲ್ಲಿಯೇ ಬಿಡಬೇಕು. ಇಂಗ್ಲಿಷಿನ ಪಾಠಗಳನ್ನು ನೋಡಿ ಕಲಿತವರಿಗೆ ಇದು ಹೊಳೆಯದು. ಕನ್ನಡದ ಅಕ್ಷರವನ್ನು ತಾನೇ ಕೆತ್ತಿದವರಿಗೆ ಮಾತ್ರ ತಿಳಿಯುತ್ತದೆ.

೫. ವೇಗದ ಮತ್ತು ಕಾಲದ ಲೆಕ್ಕ

ಉಳಿಗೆ ಎರಡು ಅಲಗುಗಳಿದ್ದು, ಅದು ನಿಮಿಷಕ್ಕೆ ೧೦,೦೦೦ ಸುತ್ತು ತಿರುಗುತ್ತದೆ. ಒಂದೊಂದು ಅಲಗು ಪ್ರತಿ ಸುತ್ತಿನಲ್ಲಿ ೦.೦೩ ಮಿ.ಮೀ. ಮರವನ್ನು ಕೆತ್ತಬೇಕೆಂದಿಟ್ಟುಕೊಳ್ಳೋಣ. ಹಾಗಾದರೆ ಉಳಿಯು ಸಾಗಬೇಕಾದ ವೇಗ:

೧೦,೦೦೦ × ೨ × ೦.೦೩ = ನಿಮಿಷಕ್ಕೆ ೬೦೦ ಮಿ.ಮೀ.

ಇದಕ್ಕಿಂತ ಬಹಳ ವೇಗವಾದರೆ ಉಳಿ ಮುರಿಯಬಹುದು. ಬಹಳ ನಿಧಾನವಾದರೆ ಅಲಗು ಮರವನ್ನು ಕೆತ್ತದೆ ಉಜ್ಜತೊಡಗಿ, ಮರವು ಕರಟಿ ವಾಸನೆ ಬರುತ್ತದೆ. ಚೆನ್ನಾಗಿ ನಡೆಯುತ್ತಿರುವಾಗ ಬೀಳುವುದು ಸಣ್ಣ ಚಕ್ಕೆ. ಹಿಟ್ಟಿನಂತಹ ಹುಡಿ ಬೀಳತೊಡಗಿದರೆ ವೇಗವನ್ನು ಪರಿಶೀಲಿಸಬೇಕು.

ಇನ್ನು ಕಾಲ. ಹಲಗೆಯ ವಿಸ್ತೀರ್ಣ ೨೪೦ × ೮೦ = ೧೯,೨೦೦ ಚದರ ಮಿ.ಮೀ. ಅಕ್ಷರಗಳು ಕಾಲು ಭಾಗವನ್ನು ಆಕ್ರಮಿಸಿದರೆ, ತಗ್ಗಿಸಬೇಕಾದುದು ೧೪,೪೦೦ ಚದರ ಮಿ.ಮೀ. ಸಾಲಿನ ಅಂತರ ೩ ಮಿ.ಮೀ.ನ ನೂರಕ್ಕೆ ೪೦, ಎಂದರೆ ೧.೨ ಮಿ.ಮೀ. ಹಾದಿಯ ಉದ್ದ ೧೪,೪೦೦ ÷ ೧.೨ = ೧೨,೦೦೦ ಮಿ.ಮೀ. ಅದನ್ನು ೬೦೦ರಿಂದ ಭಾಗಿಸಿದರೆ ಒಂದು ಪದರಕ್ಕೆ ೨೦ ನಿಮಿಷ. ಆಳ ೩ ಮಿ.ಮೀ., ಪದರಕ್ಕೆ ೧ ಮಿ.ಮೀ. ಎಂದರೆ ಮೂರು ಪದರ. ಒಟ್ಟು ೬೦ ನಿಮಿಷ. ಉಳಿಯನ್ನು ಎತ್ತಿ ಇಳಿಸುವ ಕಾಲ ಇದಕ್ಕೆ ಹೆಚ್ಚುವರಿ. ಗಣಿತವು ಪರೀಕ್ಷೆಗಾಗಿ ಮಾತ್ರವೆಂದು ತಿಳಿದ ವಿದ್ಯಾರ್ಥಿಯು ಈ ಲೆಕ್ಕವನ್ನು ತಾನೇ ಮಾಡಿ, ಗಡಿಯಾರವನ್ನು ಎದುರಿಗಿಟ್ಟುಕೊಂಡು ಯಂತ್ರವನ್ನು ನೋಡಲಿ.

೬. ಯಂತ್ರದ ಭಾಷೆ

ಹಾದಿಯನ್ನು ಯಂತ್ರಕ್ಕೆ ತಿಳಿಸುವ ಭಾಷೆಗೆ ಜಿ-ಕೋಡ್ ಎಂದು ಹೆಸರು. ತಂತ್ರಾಂಶವೇ ಅದನ್ನು ಬರೆದುಕೊಡುತ್ತದೆ. ಆದರೂ ಓದಲು ಬಾರದವನು ತನ್ನ ಪತ್ರವನ್ನು ಇತರರಿಂದ ಓದಿಸಿದಂತಾಗಬಾರದು. ೪೦ ಮಿ.ಮೀ. ಭುಜದ ಒಂದು ಚೌಕದ ಹೊರ ಅಂಚಿನಲ್ಲಿ ೩ ಮಿ.ಮೀ. ಉಳಿಯನ್ನು ೧ ಮಿ.ಮೀ. ಆಳದಲ್ಲಿ ನಡೆಸುವ ಆಜ್ಞೆಗಳು ಹೀಗಿವೆ. (ಯಂತ್ರಕ್ಕೆ ಕೊಡುವಾಗ ಇವನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯಬೇಕು.)

ಜಿ ೨೧ : ಅಳತೆಯು ಮಿಲಿಮೀಟರಿನಲ್ಲಿ
ಜಿ ೯೦ : ದೂರಗಳೆಲ್ಲ ಮೂಲಬಿಂದುವಿನಿಂದ
ಜಿ ೦ ಝಡ್ ೫ : ಉಳಿಯನ್ನು ೫ ಮಿ.ಮೀ. ಎತ್ತರಕ್ಕೆ ಎತ್ತು
ಜಿ ೦ ಎಕ್ಸ್ -೧.೫ ವೈ -೧.೫ : ಮೊದಲ ಮೂಲೆಗೆ ಬೇಗನೆ ಹೋಗು
ಎಂ ೩ ಎಸ್ ೧೦೦೦೦ : ಉಳಿಯನ್ನು ತಿರುಗಿಸು
ಜಿ ೧ ಝಡ್ -೧ ಎಫ್ ೧೦೦ : ಮೆಲ್ಲನೆ ಮರಕ್ಕೆ ಇಳಿ
ಜಿ ೧ ಎಕ್ಸ್ ೪೧.೫ ಎಫ್ ೬೦೦ : ಕೆತ್ತುತ್ತ ಬಲಕ್ಕೆ ಸಾಗು
ಜಿ ೧ ವೈ ೪೧.೫ : ಮುಂದಕ್ಕೆ
ಜಿ ೧ ಎಕ್ಸ್ -೧.೫ : ಎಡಕ್ಕೆ
ಜಿ ೧ ವೈ -೧.೫ : ಹೊರಟಲ್ಲಿಗೆ ಹಿಂದಿರುಗು
ಜಿ ೦ ಝಡ್ ೫ : ಮೇಲೆ ಬಾ
ಎಂ ೫ : ಉಳಿ ನಿಲ್ಲಲಿ
ಎಂ ೩೦ : ಮುಗಿಯಿತು

ಹದಿಮೂರು ಸಾಲುಗಳಲ್ಲಿ ಒಂದು ಪೂರ್ಣವಾದ ಕೆಲಸವಿದೆ. ಇದರಲ್ಲಿ ಒಂದೇ ಒಂದು ಋಣಚಿಹ್ನೆ ತಪ್ಪಿದರೂ ಯಂತ್ರವು ಪ್ರಶ್ನಿಸದೆ ತಪ್ಪಿದ ಕಡೆಗೇ ಸಾಗುತ್ತದೆ.

೭. ನಮ್ಮದೊಂದು ತಪ್ಪು, ಕೆಲವು ಎಚ್ಚರಿಕೆಗಳು

ನಾವು ಕಲಿಯತೊಡಗಿದ ಹೊಸದರಲ್ಲಿ, ಪರಿಚಿತರಾದ ವೃದ್ಧ ಆಚಾರಿಯೊಬ್ಬರು ಹಳೆಯ ಮನೆಯ ಹಲಸಿನ ಹಲಗೆಯೊಂದನ್ನು ಕೀಸಿ ಕೊಟ್ಟು, ಅದರ ಚೌಕಟ್ಟನ್ನೂ ತಾವೇ ಮಾಡಿಟ್ಟಿದ್ದರು. ನಾವು ೨೪೦ ಮಿ.ಮೀ. ಎಂದು ಬರೆದ ಫಲಕವು ೨೨೫ ಮಿ.ಮೀ. ಆಗಿ ಹೊರಬಂದಿತು. ಹಲಗೆ ಹೋಯಿತು, ಚೌಕಟ್ಟು ನಮ್ಮನ್ನು ಅಣಕಿಸುತ್ತ ಕುಳಿತಿತು. ಕಾರಣವನ್ನು ಹುಡುಕಲು ಎರಡು ದಿನ ಹಿಡಿಯಿತು. ಇಂಕ್‌ಸ್ಕೇಪಿನ ಹಳೆಯ ಆವೃತ್ತಿಗಳು ಒಂದು ಅಂಗುಲಕ್ಕೆ ೯೦ ಚುಕ್ಕೆಗಳೆಂದು ಎಣಿಸುತ್ತಿದ್ದುವು; ೨೦೧೭ರಲ್ಲಿ ಬಂದ ಆವೃತ್ತಿಯಿಂದ ಅದು ೯೬ ಆಯಿತು. ನಮ್ಮ ಚಿತ್ರವು ಹಳೆಯದು, ಅದನ್ನು ತೆರೆದ ತಂತ್ರಾಂಶವು ಹೊಸದು. ೨೪೦ನ್ನು ೯೦ರಿಂದ ಗುಣಿಸಿ ೯೬ರಿಂದ ಭಾಗಿಸಿ ನೋಡಿರಿ, ೨೨೫ ಬರುತ್ತದೆ.

ಇದನ್ನು ಆ ಹಿರಿಯರಿಗೆ ವಿವರಿಸಿದಾಗ ಅವರು ಕೋಪಿಸಿಕೊಳ್ಳಲಿಲ್ಲ. “ಮಾಸ್ಟ್ರೇ, ಎರಡು ಕೋಲಿನಲ್ಲಿ ಅಳೆದರೆ ಒಂದು ಮನೆ ನಿಲ್ಲುತ್ತದೆಯೇ?” ಎಂದಷ್ಟೇ ಕೇಳಿದರು. ಗಣಕವನ್ನು ಮುಟ್ಟದ ಅವರಿಗೆ ನಮ್ಮ ತಪ್ಪಿನ ಮರ್ಮವು ನಮಗಿಂತ ಬೇಗನೆ ತಿಳಿದಿತ್ತು. ಅಂದಿನಿಂದ ಪ್ರತಿಯೊಂದು ಚಿತ್ರದ ಮೂಲೆಯಲ್ಲಿಯೂ ೧೦ ಮಿ.ಮೀ. ಚೌಕವೊಂದನ್ನು ಬರೆದು, ಮುಂದಿನ ತಂತ್ರಾಂಶದಲ್ಲಿ ಅದು ಹತ್ತೇ ಇದೆಯೇ ಎಂದು ಮೊದಲು ನೋಡುತ್ತೇವೆ.

ಇನ್ನು ಕಡ್ಡಾಯದ ನಿಯಮಗಳು. ಹಿರಿಯರು ಬಳಿಯಿಲ್ಲದೆ ಯಂತ್ರವನ್ನು ನಡೆಸಬಾರದು. ಕಣ್ಣಿಗೆ ರಕ್ಷೆಯ ಕನ್ನಡಕ, ಮೂಗಿಗೆ ಮರದ ಹುಡಿ ತಡೆಯುವ ಮುಸುಕು ಬೇಕೇ ಬೇಕು. ಸಡಿಲವಾದ ಬಟ್ಟೆ, ಬಿಚ್ಚಿದ ಜಡೆ, ಕೈಚೀಲ ಕೂಡದು. ಹಲಗೆಯನ್ನು ಬಿಗಿಯಾಗಿ ಬಂಧಿಸಿ, ಬಂಧಿಸಿದ ಹಿಡಿಕೆಯು ಹಾದಿಗೆ ಅಡ್ಡ ಬಾರದೆಂದು ನಿಶ್ಚಯಿಸಿಕೊಳ್ಳಬೇಕು. ಉಳಿಗೂ ಹಲಗೆಗೂ ನಡುವೆ ತೆಳ್ಳನೆಯ ಕಾಗದವನ್ನಿಟ್ಟು, ಅದು ಎಳೆದಾಗ ತುಸು ತಡೆಯುವವರೆಗೆ ಉಳಿಯನ್ನು ಇಳಿಸಿ ಆಳದ ಸೊನ್ನೆಯನ್ನು ಗುರುತಿಸಬೇಕು. ಮೊದಲ ಸಲ ಉಳಿಯನ್ನು ಎತ್ತರದಲ್ಲಿ ಗಾಳಿಯಲ್ಲಿಯೇ ಓಡಿಸಿ ನೋಡಬೇಕು. ಓಡುವ ಯಂತ್ರವನ್ನು ಬಿಟ್ಟು ಹೋಗಕೂಡದು. ಉಜ್ಜಿದ ಮರಕ್ಕೆ ಬೆಂಕಿ ಹಿಡಿಯುವುದುಂಟು. ಚಕ್ಕೆಯನ್ನು ಬೆರಳಿನಿಂದ ಸರಿಸಲು ಹೋಗಬಾರದು. ಹಲಗೆ ಕೆಟ್ಟರೆ ಇನ್ನೊಂದು ಸಿಕ್ಕೀತು, ಬೆರಳು ಸಿಕ್ಕದು.

೮. ಪೋಷಕರ ಎರಡು ಪ್ರಶ್ನೆಗಳು

“ಇಂತಹ ಯಂತ್ರವು ಆಚಾರಿಗಳ ಅನ್ನವನ್ನು ಕಸಿದುಕೊಳ್ಳದೇ?” ಎಂದು ಪೋಷಕರು ಕೇಳಬಹುದು. ಸ್ವಲ್ಪಮಟ್ಟಿಗೆ ಕಸಿದುಕೊಂಡಿದೆ ಎಂಬುದನ್ನು ಮರೆಮಾಚಬಾರದು. ಒಂದೇ ಬಗೆಯ ಹೂಬಳ್ಳಿಯುಳ್ಳ ಬಾಗಿಲುಗಳನ್ನೂ ದೇವರಮಂಟಪಗಳನ್ನೂ ಯಂತ್ರದಲ್ಲಿ ಕೊರೆದು ಪೇಟೆಯಲ್ಲಿ ಮಾರುತ್ತಿದ್ದಾರೆ. ಆದರೆ ಯಂತ್ರವು ನೂರನೆಯ ಪ್ರತಿಯನ್ನು ಮಾಡುವುದೇ ಹೊರತು ಮೊದಲನೆಯದನ್ನು ತಾನಾಗಿ ಮಾಡಲಾರದು. ಮೊದಲನೆಯದು ಚಿತ್ರ, ಅದು ಮನುಷ್ಯನದು. ಚಿತ್ರ ಬರೆಯುವ ವಿದ್ಯೆಯು ನಮ್ಮ ಕುಶಲಕರ್ಮಿ ಮನೆತನಗಳ ಮಕ್ಕಳ ಕೈಯಲ್ಲಿದ್ದರೆ ಯಂತ್ರವು ಅವರ ಆಳಾಗಿರುವುದು. ಅದು ಪರರ ಕೈಗೆ ಹೋದರೆ ಅವರೇ ಯಂತ್ರದ ಆಳುಗಳಾಗುವರು. ಅದಕ್ಕಾಗಿಯೇ ಈ ಪಾಠವು ಯಂತ್ರವನ್ನು ಕೊಳ್ಳುವುದರಿಂದ ಆರಂಭವಾಗಬೇಕಾಗಿಲ್ಲ. ವಿನ್ಯಾಸ, ಹಾದಿ, ಅಣಕು ಪ್ರದರ್ಶನ, ಇವು ಮೂರನ್ನೂ ಒಂದು ಗಣಕದಲ್ಲಿ ಹಣವಿಲ್ಲದೆ ಕಲಿಯಬಹುದು. ಅಷ್ಟನ್ನು ಕಲಿತ ಹುಡುಗನಿಗೋ ಹುಡುಗಿಗೋ ಯಂತ್ರವು ಮುಂದೆ ಎಲ್ಲಿಯಾದರೂ ದೊರಕೀತು.

“ಕನ್ನಡದಲ್ಲಿ ಓದಿದ ಮಕ್ಕಳಿಗೆ ಇದು ಸಾಧ್ಯವೇ?” ಎಂಬುದು ಎರಡನೆಯ ಪ್ರಶ್ನೆ. ಅಳತೆ, ಗೆರೆ, ಬಾಗು, ಆಳ, ಪದರ, ಸಾಲು, ಹಾದಿ: ಈ ಲೇಖನದುದ್ದಕ್ಕೂ ಬಂದ ಮಾತುಗಳು ನಮ್ಮ ಗದ್ದೆಯವು, ಜಗಲಿಯವು. ತಂತ್ರಾಂಶದ ಪರದೆಯಲ್ಲಿ ಕಾಣುವ ಐವತ್ತೋ ಅರುವತ್ತೋ ಇಂಗ್ಲಿಷ್ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು, ಎದುರಿಗೆ ತಮ್ಮ ಕನ್ನಡದಲ್ಲಿ ಅರ್ಥವನ್ನು ಬರೆಯಲಿ. ಒಂದು ತಿಂಗಳಲ್ಲಿ ಆ ಪುಸ್ತಕದ ಅಗತ್ಯವೇ ಬೀಳದು. ಆದರೂ ಅದನ್ನು ಕಾದಿಟ್ಟು ಮುಂದಿನ ತರಗತಿಯವರಿಗೆ ಕೊಡಲಿ.

ಮುಂದಿನ ಸಲ ಅನಂತಪುರಕ್ಕೆ ಹೋದಾಗ ಮಂಟಪದ ಮುಚ್ಚಿಗೆಯನ್ನು ಸಾವಧಾನವಾಗಿ ನೋಡಿರಿ. ಶಿಲ್ಪಿಯು ಯಾವ ಗೆರೆಯನ್ನು ಮೊದಲು ಎಳೆದಿರಬಹುದು, ಯಾವ ಉಳಿಯಿಂದ ಆರಂಭಿಸಿರಬಹುದೆಂದು ಯೋಚಿಸಿರಿ. ಆ ಯೋಚನೆಯೇ ಈ ವಿದ್ಯೆಯ ಮೊದಲ ಪಾಠ.

ಅಭ್ಯಾಸಗಳು

೧. ಮೇಲಿನ ಚೌಕವನ್ನು ೬ ಮಿ.ಮೀ. ಉಳಿಯಿಂದ ಕತ್ತರಿಸುವುದಾದರೆ ಜಿ-ಕೋಡಿನಲ್ಲಿ -೧.೫ ಮತ್ತು ೪೧.೫ ಇರುವಲ್ಲಿ ಯಾವ ಸಂಖ್ಯೆಗಳು ಬರಬೇಕು?
೨. ‘ಅನಂತಪುರ’ ಫಲಕವನ್ನು ೨ ಮಿ.ಮೀ. ಉಳಿಯಿಂದ, ಅದೇ ವೇಗದಲ್ಲಿ, ಮೂರು ಪದರಗಳಲ್ಲಿ ಕೆತ್ತಲು ಎಷ್ಟು ಕಾಲ ಬೇಕು? (ಸಾಲಿನ ಅಂತರ ವ್ಯಾಸದ ನೂರಕ್ಕೆ ೪೦.)
೩. ನಿಮ್ಮ ಹೆಸರನ್ನು ದೊಡ್ಡದಾಗಿ ಬರೆದು, ಆಚೆ ಬದಿಯವರೆಗೆ ಕೊರೆದರೆ ಕಳಚಿ ಬೀಳುವ ಭಾಗಗಳನ್ನು ಗುರುತಿಸಿ, ಸೇತುವೆಗಳನ್ನು ಹಾಕಿರಿ.
೪. ೨೦೨೨ರ ಅಕ್ಟೋಬರದಲ್ಲಿ ನಮ್ಮನ್ನಗಲಿದ ಅನಂತಪುರದ ಮೊಸಳೆ ಬಬಿಯಾದ ಬಾಹ್ಯರೇಖೆಯನ್ನು ಇಂಕ್‌ಸ್ಕೇಪಿನಲ್ಲಿ ಬರೆಯಿರಿ. ಅದರ ಹಲ್ಲುಗಳ ಸಂದಿಯಲ್ಲಿ ೩ ಮಿ.ಮೀ. ಉಳಿಯು ಇಳಿಯುವುದೇ? ಇಳಿಯದಿದ್ದರೆ ಚಿತ್ರವನ್ನು ಬದಲಿಸುವಿರೋ, ಉಳಿಯನ್ನು ಬದಲಿಸುವಿರೋ? ಕಾರಣ ಕೊಡಿರಿ.

(ಉತ್ತರಗಳು: ೧. -೩ ಮತ್ತು ೪೩. ೨. ೯೦ ನಿಮಿಷ. ಉಳಿದೆರಡಕ್ಕೆ ಉತ್ತರವನ್ನು ನಿಮ್ಮ ಚಿತ್ರವೇ ಹೇಳಬೇಕು.)